ಭುಜದ ಚಾಡಿ

ಮಂಡ್ಯದ ಸೀಮೆಯ ಜನ ಮನಸ್ಸಿನಲ್ಲಿದ್ದುದನ್ನು ಬಾಯಲ್ಲಿ ಆಡಿಬಿಡುವವರೆಂಬ ಖ್ಯಾತಿಯುಂಟು. ಆದರೆ ಬಾಯಿಗಿಂತಲೂ ಮೊದಲು ಅವರ ಭುಜವು ಚಾಡಿ ಹೇಳಿಬಿಡುತ್ತದೆಂಬುದು, ಗರಡಿಮನೆಯ ಜಗಲಿಯ ಮೇಲೆ ಕುಳಿತು, ಒಂದು ಗುದ್ದನ್ನೂ ಕೊಡದೆ ಕೊಳ್ಳದೆ, ಪರರ ಸೆಣಸಾಟವನ್ನು ನೋಡುತ್ತ ಸಂಜೆಗಳನ್ನು ಕಳೆದ ನನ್ನಂಥ ನಿರಪಾಯಜೀವಿಗಳಿಗೆ ಮಾತ್ರವೇ ತಿಳಿಯತಕ್ಕ ಸಂಗತಿ.

ಗರಡಿಯ ಕುಸ್ತಿಯಲ್ಲಿ ಗುದ್ದಿಗೆ ಎಡೆಯಿಲ್ಲ. ಅಲ್ಲಿಯದೆಲ್ಲ ಪಟ್ಟುಗಳ ವಿದ್ಯೆ. ಹೀಗಿರಲು, ಬೆಂಗಳೂರಿನ ಕಾಲೇಜಿಗೆ ಹೋಗಿದ್ದ ತರುಣನೊಬ್ಬನು ರಜಕ್ಕೆ ಬರುವಾಗ ಬಾಕ್ಸಿಂಗ್ ಗ್ಲೌಸುಗಳನ್ನು ತಂದು, ಗೆಳೆಯನ ಕೈಗೂ ಒಂದು ಜೊತೆ ತೊಡಿಸಿ, ಕೆಮ್ಮಣ್ಣಿನ ಅಖಾಡದಲ್ಲಿಯೇ ಮುಷ್ಟಿಯುದ್ಧವನ್ನಾರಂಭಿಸಿದಾಗ, ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತಿದ್ದ ವೃದ್ಧ ಉಸ್ತಾದರು, ಆ ವಿದ್ಯೆಯ ಗಂಧವೂ ಇಲ್ಲದವರಾದರೂ, ಪ್ರತಿಯೊಂದು ಗುದ್ದಿಗೂ ಮುನ್ನ "ಬಂತು" ಎನ್ನತೊಡಗಿದರು. ಗೆಳೆಯನು ತಲೆ ತಪ್ಪಿಸುವನು. ಗುದ್ದು ಗಾಳಿಯ ಪಾಲಾಗುವುದು. ಕೊನೆಗೆ ತರುಣನು ರೇಗಿ, "ಅದೆಂಗ್ ಗೊತ್ತಾಯ್ತದೆ ತಾತ ನಿಂಗೆ?" ಎಂದ.

"ಕೆಳತುಟಿ ಕಚ್ತೀಯೆ, ಉಸ್ರು ಕಟ್ತೀಯೆ, ಕಾಲ್ಬೆಟ್ಟು ಮಣ್ಣಿಗೂರ್ತೀಯೆ, ಮೊಣಕೈ ಪಕ್ಕೆ ಬುಟ್ಟು ಎದ್ದೋಯ್ತದೆ. ಇನ್ನು ತಮ್ಟೆ ಹೊಡ್ಸಾದೊಂದೇ ಬಾಕಿ ಕಣ್ಲಾ!"

ನಿಜವಾಗಿ, ಬರುವ ಕೈಯನ್ನು ನೋಡಿ ಗುದ್ದು ತಪ್ಪಿಸಿಕೊಳ್ಳುವುದು ದುಸ್ತರ. ಕಣ್ಣು ಕಂಡದ್ದಕ್ಕೆ ದೇಹವು ಓಗೊಡಲು ಸೆಕೆಂಡಿನ ಐದರಲ್ಲೊಂದು ಪಾಲಾದರೂ ಬೇಕು. ಪಳಗಿದವನ ಮುಷ್ಟಿ ಅಷ್ಟರೊಳಗಾಗಿ ನಮ್ಮ ಮೂಗಿನ ಯೋಗಕ್ಷೇಮವನ್ನು ವಿಚಾರಿಸಿಯಾಗಿರುತ್ತದೆ. ಆದಕಾರಣವೇ ಅನುಭವಿಗಳು ಮುಖವನ್ನಾಗಲಿ ಮುಷ್ಟಿಯನ್ನಾಗಲಿ ನೋಡದೆ, ಎರಡು ಭುಜಗಳೂ ಕಣ್ಣಂಚಿಗೆ ಸಿಕ್ಕುವಂತೆ ಎದೆಯ ಮೇಲ್ಭಾಗದಲ್ಲಿ ದೃಷ್ಟಿಯನ್ನು ನೆಡುತ್ತಾರೆ. ಅಜೇಯನೆನಿಸಿದ್ದ ಮುಷ್ಟಿಯೋಧ ಜೋ ಲೂಯಿಯು ಎಡಗೈಯಿಂದ ಗುದ್ದಿದ ಬಳಿಕ ಆ ಕೈಯನ್ನು ತುಸು ತಗ್ಗಿಸುತ್ತಾನೆಂಬ ಗುಟ್ಟನ್ನು ಮೊದಲೇ ಗಮನಿಸಿಟ್ಟುಕೊಂಡಿದ್ದ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗನು 1936ರಲ್ಲಿ ನ್ಯೂಯಾರ್ಕಿನಲ್ಲಿ ಅವನನ್ನು 12ನೆಯ ಸುತ್ತಿನಲ್ಲಿ ಮಲಗಿಸಿದನು. (1938ರಲ್ಲಿ ಲೂಯಿಯು ಮೊದಲ ಸುತ್ತಿನಲ್ಲಿಯೇ ಬಡ್ಡಿಸಮೇತ ತೀರಿಸಿದನೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.)

ನಮ್ಮ ಜಟ್ಟಿಗಳ ಪಾಡು ಇನ್ನೂ ಸೂಕ್ಷ್ಮವಾದುದು. 1610ರಲ್ಲಿ ರಾಜ ಒಡೆಯರು ನಮ್ಮ ಶ್ರೀರಂಗಪಟ್ಟಣದಲ್ಲಿ ತೊಡಗಿಸಿದ ದಸರೆಯು ಮುಂದೆ ಮೈಸೂರಿಗೆ ಸಾಗಿಹೋಯಿತು. ಅಲ್ಲಿಯ ಅರಮನೆಯಂಗಳದಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ, ತಲೆ ಬೋಳಿಸಿಕೊಂಡ ಜಟ್ಟಿಗಳು ಬಲಮುಷ್ಟಿಗೆ ವಜ್ರನಖವೆಂಬ ಆಯುಧವನ್ನು ತೊಟ್ಟು ನಿಲ್ಲುತ್ತಾರೆ. ಮೊದಲ ರಕ್ತ ಕಂಡೊಡನೆ ಕಾಳಗ ಸಮಾಪ್ತಿ. ಏಟು ಯಾವ ಕೈಯದೆಂಬುದು ಜಗಜ್ಜಾಹೀರು; ಮುಚ್ಚಿಡಬೇಕಾದುದು ಯಾವಾಗ ಎಂಬುದೊಂದನ್ನೇ. ಆ ಒಂದನ್ನು ಮುಚ್ಚಿಡುವುದೂ ಅದನ್ನು ಓದುವುದೂ ಎಷ್ಟು ಕಷ್ಟವೆಂಬುದಕ್ಕೆ ಕ್ಷಣಮಾತ್ರದಲ್ಲಿ ಕೆಂಪಾಗುವ ಬೋಳುತಲೆಗಳೇ ಸಾಕ್ಷಿ.

ಉಸ್ತಾದರು ಮುಚ್ಚಿಡುವ ಉಪಾಯವನ್ನೂ ಕಲಿಸಿದರು: ಉಸಿರು ಕಟ್ಟದೆ ಹೊರಬಿಡುವುದು, ಕೈಯನ್ನು ಹಿಂದಕ್ಕೆಳೆಯದೆ ಇದ್ದಲ್ಲಿಂದಲೇ ಬಿಡುವುದು, ಭುಜಗಳನ್ನು ಸದಾ ಸಡಿಲವಾಗಿ ಆಡಿಸುತ್ತಿರುವುದು. ತರುಣನು ಇವನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳುವ ಭರದಲ್ಲಿ ಗರುಡಗಂಬದಂತೆ ನಿಶ್ಚಲನಾದ. ಉಸ್ತಾದರು ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, "ಈಗ ಏನೂ ಮಾಡಾಕಿಲ್ಲ ಅನ್ನಂಗ್ ನಿಂತವ್ನೆ. ಬಂತು" ಎಂದರು.

ಹುಸಿಗುದ್ದಿನ ಕಲೆಯನ್ನು ಮಾತ್ರ ಉಸ್ತಾದರು ಕಲಿಸಲಿಲ್ಲ. ಅದರ ಆಚಾರ್ಯರೊಬ್ಬರು ಮಳವಳ್ಳಿಯಲ್ಲಿದ್ದಾರೆ, ನನ್ನ ಬಾಲ್ಯಸ್ನೇಹಿತರು. ಮದ್ದೂರಿನ ಹೋಟೆಲಿನಲ್ಲಿ ವಡೆ, ಕಾಫಿ ಮುಗಿದು ಬಿಲ್ಲು ಬರುವ ಸಮಯಕ್ಕೆ, ಅವರ ಭುಜವು ಏಳುತ್ತದೆ, ಮೊಣಕೈ ಪಕ್ಕೆಯನ್ನು ಬಿಡುತ್ತದೆ, ಕೈಯು ಜುಬ್ಬದ ಜೇಬಿನೊಳಗೆ ಮಹಾವೇಗದಿಂದ ಇಳಿಯುತ್ತದೆ, "ನೀವ್ ಸುಮ್ಕಿರಿ ಸ್ವಾಮಿ" ಎಂಬ ಗರ್ಜನೆಯೂ ಹೊರಡುತ್ತದೆ. ಶಾಸ್ತ್ರೋಕ್ತ ಲಕ್ಷಣಗಳೆಲ್ಲ ಕೂಡಿಬಂದರೂ ಇಳಿದ ಕೈ ಮಾತ್ರ ಮೇಲೇರುವುದಿಲ್ಲ. ಆ ಹೋಟೆಲಿನ ಮಾಣಿಯಂಥ ಇಂಗಿತಜ್ಞನನ್ನು ನಾನು ಯಾವ ಗರಡಿಯಲ್ಲಿಯೂ ಕಂಡಿಲ್ಲ: ಸ್ನೇಹಿತರ ಭುಜದತ್ತ ಕಣ್ಣನ್ನೂ ಹಾಯಿಸದೆ, ಸೋಂಪಿನ ತಟ್ಟೆಯನ್ನು ಅವರ ಮುಂದಿಟ್ಟು, ಬಿಲ್ಲನ್ನು ನನ್ನ ಕೈಗೇ ಕೊಟ್ಟುಹೋಗುತ್ತಾನೆ.