ಕುಕ್ಕರ್ ಹೊಡೆದ ಶಿಳ್ಳೆ

ನಮ್ಮನೆಯಲ್ಲಿ ಸಿನಿಮಾಕ್ಕೆ ಶಿಳ್ಳೆ ಹೊಡೆಯುವುದು ಪ್ರೆಶರ್ ಕುಕ್ಕರ್ ಒಂದೇ. ಅದೂ ಹೀರೋ ಎಂಟ್ರಿ ನೋಡಿಕೊಂಡು ಹೊಡೆಯುವಷ್ಟು ರಸಿಕತೆ ಅದಕ್ಕಿಲ್ಲ. ನಾಯಕನ ತಾಯಿ ಕೊನೆಯುಸಿರೆಳೆಯುತ್ತಾ ಮನೆತನದ ಗುಟ್ಟು ಹೇಳಲು ಬಾಯಿ ತೆರೆದಾಗಲೇ 'ಸುಂಯ್' ಎನ್ನುತ್ತದೆ. "ರೀ, ಮೂರು ವಿಷಲ್ ಆದ್ಮೇಲೆ ಆಫ್ ಮಾಡಿ" ಎಂದು ಅಪ್ಪಣೆ ಕೊಡಿಸಿ ಹೆಂಡತಿ ಟೆರೇಸಿಗೆ ಬಟ್ಟೆ ತೆಗೆಯಲು ಹೋಗಿರುತ್ತಾಳೆ. ನನ್ನ ಕಣ್ಣು ಟೀವಿಯ ಮೇಲೆ, ಕಿವಿ ಒಲೆಯ ಮೇಲೆ. ಕೊನೆಗೆ ಗುಟ್ಟೂ ತಿಳಿಯಲಿಲ್ಲ, ಬೇಳೆಯೂ ಬೇಯಲಿಲ್ಲ.

ಹಾಗಂತ ನಾನೇನೂ ಓಟಿಟಿ ವಿರೋಧಿಯಲ್ಲ. ನೆಟ್‌ಫ್ಲಿಕ್ಸು, ಪ್ರೈಮು ಎರಡೂ 2016ರಲ್ಲಿ ನಮ್ಮ ದೇಶಕ್ಕೆ ಬಂದಾಗ ಮೊದಲು ಕುಣಿದವನೇ ನಾನು. ಮಾವನ ಮನೆಯಿಂದ ಒಂದು ಚಮಚೆಯನ್ನೂ ತಂದವನಲ್ಲ ಎಂದು ಇಪ್ಪತ್ತು ವರ್ಷ ಕೊಚ್ಚಿಕೊಂಡವನು, ಭಾವಮೈದುನ ಪಾಸ್‌ವರ್ಡ್ ಕೊಟ್ಟಾಗ ಮಾತ್ರ ಎರಡೂ ಕೈ ಚಾಚಿ ಈಸಿಕೊಂಡೆ. ಅಂದೇ 'ಆಮೇಲೆ ನೋಡೋಣ' ಪಟ್ಟಿಗೆ ಸಿಕ್ಕ ಸಿಕ್ಕ ಘನ ಚಿತ್ರಗಳನ್ನೆಲ್ಲ ಸೇರಿಸಿದೆ. ಪಟ್ಟಿ ಈಗಲೂ ಬೆಳೆಯುತ್ತಿದೆ. ಊಟದ ತಟ್ಟೆ ಹಿಡಿದು ಕೂತಾಗ ನೋಡುವುದು ಮಾತ್ರ, ನೂರು ಸಲ ನೋಡಿರುವ ಅದೇ ಹಳೇ ಕಾಮಿಡಿ ಸೀನು.

ನಮ್ಮೂರಿಗೆ ಟೂರಿಂಗ್ ಟಾಕೀಸು ಬರುತ್ತಿದ್ದ ಕಾಲದಲ್ಲಿ ಹೀಗಿರಲಿಲ್ಲ. ಟೆಂಟಿನ ಮೈಕಿನಲ್ಲಿ ಘಂಟಸಾಲರ ತಿರುಪತಿ ತಿಮ್ಮಪ್ಪನ ಹಾಡು ಮೊಳಗಿತೆಂದರೆ ಆಟ ಶುರುವಾಗುತ್ತದೆ ಎಂದರ್ಥ. ಅಮ್ಮ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಹೊರಡುತ್ತಿದ್ದಳು. ಆಗ ಅಡುಗೆ ಸಿನಿಮಾಕ್ಕೆ ಕಾಯುತ್ತಿತ್ತು. ನೆಲದ ಟಿಕೆಟ್ಟಿನ ನಾವು ಹುಡುಗರು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂತು ಎತ್ತರವಾಗುತ್ತಿದ್ದೆವು. ಹಿಂದಿನವನು ತಲೆಗೊಂದು ಮೊಟಕಿದರೆ ಅರ್ಧ ಇಂಚು ಮರಳು ಕೆರೆದು ಇಳಿಯುತ್ತಿದ್ದೆವು. ಈಗ ಸೋಫಾದ ಮೇಲೆ ನಾಲ್ಕು ದಿಂಬಿವೆ, ಮೊಟಕುವವರಿಲ್ಲ. ಇಪ್ಪತ್ತು ನಿಮಿಷಕ್ಕೇ ನಿದ್ದೆ ಬರುತ್ತದೆ.

ಎಲ್ಲ ತಂಟೆಗೂ ಮೂಲ ಆ ರಿಮೋಟಿನ ಪಾಜ್ ಗುಂಡಿ. ಕೊರಿಯರ್ ಹುಡುಗ ಬೆಲ್ ಒತ್ತಿದ, ಪಾಜ್. ನೀರಿನ ಟ್ಯಾಂಕ್ ತುಂಬಿ ಸುರಿಯಿತು, ಪಾಜ್. ನಾಯಕ ಒಂದು ಕಾಲನ್ನು ಗಾಳಿಯಲ್ಲಿ ಎತ್ತಿ ಖಳನ ಎದೆಗೆ ಒದೆಯಲು ಹೋದವನು ನಾವು ಕಾಫಿ ಕುಡಿದು ಬರುವವರೆಗೂ ಹಾಗೇ ನಿಂತಿರುತ್ತಾನೆ. ಪಾಪ, ಎಷ್ಟು ಕಾಲು ನೋವೋ!

1972ರ 'ಬಂಗಾರದ ಮನುಷ್ಯ' ಮೆಜೆಸ್ಟಿಕ್ಕಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಆ ಟಾಕೀಸೇ ಆಮೇಲೆ ಭೂಮಿಕಾ ಆಯಿತು. ಆ ಚಿತ್ರ ನೋಡಿ ಪೇಟೆಯ ಕೆಲಸ ಬಿಟ್ಟು ಬೇಸಾಯಕ್ಕೆ ಹಳ್ಳಿಗೆ ಮರಳಿದವರಿದ್ದಾರೆ ಎಂದು ಇವತ್ತಿಗೂ ಹೇಳುತ್ತಾರೆ. ಮೊನ್ನೆ ನಾನೂ ಅದನ್ನು ಮನೆಯಲ್ಲಿ ಹಾಕಿಕೊಂಡು ನೋಡಿದೆ. ಉಳುಮೆಯ ಮಾತಿರಲಿ, ಬಾಲ್ಕನಿಯ ತುಳಸಿಗೆ ನೀರು ಹಾಕಲೂ ಏಳಲಿಲ್ಲ.

'ಕಾಂತಾರ'ದ ಕಥೆ ಕೇಳಿ. 2022ರ ಸೆಪ್ಟೆಂಬರ್ ಕೊನೆಗೆ ಬಿಡುಗಡೆಯಾದಾಗ ಥಿಯೇಟರಿನಲ್ಲಿ ಕೊನೆಯ ಆ 'ಓ' ಎಂಬ ಕೂಗಿಗೆ ಪಕ್ಕದವನ ಕೈಯ ರೋಮ ನಿಂತದ್ದು ನನ್ನ ಕೈಗೆ ತಗುಲಿತ್ತು. ನವೆಂಬರಿನಲ್ಲಿ ಅದು ಪ್ರೈಮಿಗೆ ಬಂತು. ಪಕ್ಕದ ಮನೆಯ ಕೂಸು ಎದ್ದೀತೆಂದು ವಾಲ್ಯೂಮು ಎಂಟಕ್ಕೆ ಇಳಿಸಿ ನೋಡಿದೆವು. ದೈವ ಕೂಗಿದ್ದು, ಪರಿಚಯದವರು ಗೇಟಿನ ಹೊರಗಿನಿಂದ "ಓ, ಇದ್ದೀರಾ?" ಅಂದಂತೆ ಕೇಳಿಸಿತು. ಅಷ್ಟೇ ಆದರೆ ಚಿಂತೆಯಿರಲಿಲ್ಲ, 'ವರಾಹ ರೂಪಂ' ಹಾಡೇ ಬೇರೆಯಾಗಿತ್ತು! ಟ್ಯೂನಿನ ಬಗ್ಗೆ ಕೇರಳದಲ್ಲಿ ಕೇಸು ನಡೆಯುತ್ತಿದ್ದುದರಿಂದ ಬದಲಾಯಿಸಿದ್ದರಂತೆ, ಆಮೇಲೆ ಹಳೆಯದನ್ನೇ ತಂದು ಕೂರಿಸಿದರು. ಮನೆಯೊಳಗೇ ಕೂತು ನೋಡುವ ಸಿನಿಮಾಕ್ಕೆ ಹೀಗೆ ರಾತ್ರೋರಾತ್ರಿ ಯಾರೋ ಬಂದು ಪಾಠ ತಿದ್ದಿ ಹೋಗಬಹುದು ಎಂಬುದು ನನಗೆ ಹೊಳೆದಿರಲೇ ಇಲ್ಲ.

ಇದನ್ನೆಲ್ಲ ಹೆಂಡತಿಯ ಮುಂದೆ ಆಡಿದೆ. ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡಳು.

"ಅಲ್ಲಾ ರೀ, ಸ್ಯಾಂಕಿ ರಸ್ತೆಯ ಕಾವೇರಿ ಮುಚ್ಚಿದಾಗ ಎರಡು ದಿನ ಮುಖ ಗಂಟು ಹಾಕ್ಕೊಂಡಿದ್ರಲ್ಲ, ಅಲ್ಲಿ ಕೊನೇ ಸಲ ಯಾವ ಪಿಕ್ಚರ್ ನೋಡಿದ್ರಿ?"

ನಾನು ಸೀಲಿಂಗ್ ಫ್ಯಾನ್ ನೋಡಿದೆ. 1974ರಲ್ಲಿ ರಾಜ್‌ಕುಮಾರ್ ಅವರ 'ಬಂಗಾರದ ಪಂಜರ'ದಿಂದ ಶುರುವಾಗಿ 2024ರಲ್ಲಿ ಬಾಗಿಲು ಹಾಕಿದ ಥಿಯೇಟರು. ಇಷ್ಟು ಇತಿಹಾಸ ಗೊತ್ತು, ಕೊನೆಯ ಟಿಕೆಟ್ ಮಾತ್ರ ನೆನಪಿಲ್ಲ.

"ಟಿಕೆಟ್ ರೇಟು..." ಎಂದು ರಾಗ ತೆಗೆದೆ. 200 ರೂಪಾಯಿ ಮೀರಬಾರದೆಂದು ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಆದೇಶ ಮಾಡಿತ್ತು. ನಾನು ಪ್ಯಾಂಟು ಇಸ್ತ್ರಿಗೆ ಕೊಟ್ಟು ತರುವಷ್ಟರಲ್ಲಿ ಹೈಕೋರ್ಟಿನಿಂದ ತಡೆಯಾಜ್ಞೆಯೂ ಬಂತು. ಇತ್ತ ಓಟಿಟಿಯವರೇನೂ ಕನ್ನಡಕ್ಕೆ ಕೆಂಪು ಹಾಸು ಹಾಸಿಲ್ಲ. ರಕ್ಷಿತ್ ಶೆಟ್ಟಿಯವರ ಸಂಸ್ಥೆಯ 'ಏಕಂ' ಸರಣಿಯನ್ನು ಯಾರೂ ಕೊಳ್ಳದೆ, 2024ರಲ್ಲಿ ಅವರೇ ಸ್ವಂತ ವೆಬ್‌ಸೈಟ್ ಮಾಡಿ ಬಿಡಬೇಕಾಯಿತು. ತಿಂಗಳು ತಿಂಗಳು ಬಾಡಿಗೆ ಕಟ್ಟುವ ಮನೆಯಲ್ಲಿ ನಮ್ಮವರಿಗೇ ಚಾಪೆಯಿಲ್ಲ. (ಬಾಡಿಗೆ ಕಟ್ಟುವವನು ಭಾವಮೈದುನ, ಆದರೂ ಸಂಕಟ ನನ್ನದೇ.)

ಟಿಕೆಟ್ ದರದ ಆ ಆದೇಶಕ್ಕೂ ಮುಂಚೆ, 2025ರ ಜುಲೈನಲ್ಲಿ, ಇಬ್ಬರೂ ನಿಜವಾಗಿಯೂ ಥಿಯೇಟರಿಗೆ ಹೋಗಿದ್ದೆವು. 'ಸು ಫ್ರಮ್ ಸೋ'. ಕರಾವಳಿಯ ಹಳ್ಳಿ, ಮೈಮೇಲೆ ಬರುವ ದೆವ್ವ, ದೊಡ್ಡ ಸ್ಟಾರ್ ಯಾರೂ ಇಲ್ಲ. ಬಾಯಿಂದ ಬಾಯಿಗೆ ಹಬ್ಬಿಯೇ ಹೌಸ್‌ಫುಲ್ ಆದ ಚಿತ್ರ. ಮುಂದಿನ ಸಾಲಿನವನು ಅರ್ಧ ಆಟ ಮೊಬೈಲ್ ಬೆಳಗಿಸಿಕೊಂಡಿದ್ದ, ಹಿಂದಿನವನ ಮೊಣಕಾಲು ನನ್ನ ಬೆನ್ನಿಗೆ. ಆದರೂ ನಕ್ಕಿದ್ದೇ ನಕ್ಕಿದ್ದು. ಒಂದು ಕಡೆಯಂತೂ ಇಡೀ ಹಾಲು ಎಷ್ಟು ಬಿದ್ದೂ ಬಿದ್ದೂ ನಕ್ಕಿತೆಂದರೆ, ಅದರ ಮುಂದಿನ ಮಾತು ಯಾರಿಗೂ ಕೇಳಿಸಲೇ ಇಲ್ಲ. "ಏನಂದ? ಏನಂದ?" ಎಂದು ಹೆಂಡತಿ ನನ್ನನ್ನು ಕೇಳಿದಳು, ನಾನು ಆ ಕಡೆಯ ಅಪರಿಚಿತನನ್ನು ಕೇಳಿದೆ, ಅವನು ಕಣ್ಣೊರೆಸಿಕೊಳ್ಳುತ್ತಾ ಕೈಯಾಡಿಸಿದ.

ಆ ಮಾತು ಏನಿದ್ದೀತೆಂದು ವಾರಗಟ್ಟಲೆ ತಲೆಯಲ್ಲಿ ಕೊರೆಯುತ್ತಿತ್ತು. ಚಿತ್ರ ಓಟಿಟಿಗೆ ಬಂದದ್ದೇ ತಡ, ಹಾಕಿಕೊಂಡು ಕೂತೆ. ಆ ಜಾಗ ಬಂತು. ಸಬ್‌ಟೈಟಲ್ ಸಮೇತ ಸ್ಪಷ್ಟವಾಗಿ ಕೇಳಿಸಿತು. ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಿದೆ. ಇನ್ನೊಮ್ಮೆಯೂ ಕೇಳಿದೆ. ನಗು ಬರಲಿಲ್ಲ.

"ರೀ, ಎಷ್ಟಾಯ್ತು?" ಎಂದು ಟೆರೇಸಿನಿಂದ ಕೂಗು ಬಂತು. ಅಡುಗೆಮನೆಯಿಂದ ಆಗಲೇ ಸೀದ ವಾಸನೆ.