ಇಂಜಿನ್ ಒಂದನ್ನು ಬಿಟ್ಟು

ಮೊದಲ ಸಲ ಗಾಡಿಯ ಇಂಜಿನ್ ಬದಲಿಸಿದ ಕತೆ ಹೇಳುವವರು ಸುಳ್ಳು ಹೇಳುವುದಿಲ್ಲ. ಕತೆಯ ಮುಕ್ಕಾಲು ಪಾಲನ್ನು ನುಂಗಿ ಉಳಿದ ಕಾಲು ಪಾಲನ್ನು ಮಾತ್ರ ಹೇಳುತ್ತಾರೆ. ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಿಂದ ಹಿಡಿದು ಹಾನಗಲ್ಲು, ಸವಣೂರು, ಹಿರೇಕೆರೂರಿನ ತನಕ ಎಲ್ಲಿ ಕೇಳಿದರೂ ಈ ಕತೆಯ ಅಚ್ಚು ಒಂದೇ. “ಅಂಬಾಸಿಡರ್‌ಗೆ ಮ್ಯಾಟಡೋರ್ ಇಂಜಿನ್ ಕೂಡ್ರಿಸಿದ್ವಿ ನೋಡ್ರಿ. ಬೇವಿನ ಗಿಡಕ್ಕ ಚೈನ್‌ಬ್ಲಾಕ್ ಬಿಗದ್ವಿ, ಹಳೇದು ಎತ್ತಿದ್ವಿ, ಹೊಸಾದು ಇಳಿಸಿದ್ವಿ, ಚಾಲೂ ಆತು. ಮುಗೀತಲ್ಲ!” ಹೀಗೆ ಹೇಳುವವರು ಕಂಪನಿಯ ಮೆಕ್ಯಾನಿಕ್ಕುಗಳಲ್ಲ. ಹೊಲ, ಗಿರಣಿ, ವೆಲ್ಡಿಂಗ್ ಅಂಗಡಿ ಇವುಗಳ ನಡುವೆ ಬಿಡುವು ಮಾಡಿಕೊಂಡು, ಯಾರೂ ಕಲಿಸದಿದ್ದರೂ ಪಾನಾ ಹಿಡಿದವರು. ಅವರ ಧೈರ್ಯದ ಬಗ್ಗೆ ನನ್ನ ತಕರಾರಿಲ್ಲ, ಲೆಕ್ಕದ ಬಗ್ಗೆ ಇದೆ. ಎತ್ತಿದ್ದು ಒಂದು, ಇಳಿಸಿದ್ದು ಒಂದು ಎಂದು ಅವರು ಎರಡೇ ವಾಕ್ಯದಲ್ಲಿ ಮುಗಿಸುವ ಕೆಲಸಕ್ಕೆ ನಿಜವಾಗಿ ಇಪ್ಪತ್ತು ವಾಕ್ಯವಾದರೂ ಬೇಕು, ಮತ್ತು ಆ ಇಪ್ಪತ್ತರಲ್ಲಿ ಇಂಜಿನ್ ಬರುವುದು ಎರಡು ಕಡೆ ಮಾತ್ರ. ನನ್ನ ವಾದ ಇಷ್ಟೇ: ಇಂಜಿನ್ ಬದಲಿಸುವುದೆಂದರೆ, ಇಂಜಿನ್ ಒಂದನ್ನು ಬಿಟ್ಟು ಗಾಡಿಯಲ್ಲಿ ಉಳಿದದ್ದನ್ನೆಲ್ಲ ಬದಲಿಸುವುದು.

ಈ ತಪ್ಪು ಲೆಕ್ಕ ಎಲ್ಲಿಂದ ಹುಟ್ಟಿತು ಎಂಬುದನ್ನು ಮೊದಲು ನೋಡಬೇಕು. ನಮ್ಮ ಸೀಮೆಯ ಹಳ್ಳಿಗಳು ಇಂಜಿನ್ನನ್ನು ಮೊದಲು ಕಂಡದ್ದು ರಸ್ತೆಯ ಮೇಲಲ್ಲ. ಹಿಟ್ಟಿನ ಗಿರಣಿಯಲ್ಲಿ ಮತ್ತು ಹಳ್ಳದ ದಂಡೆಯ ಪಂಪಿನಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ರಂಟೆಗೆ ಬಂದರು. ಅವರ ಮನೆತನದ ಕಂಪನಿ 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಾರ್ಖಾನೆ ತೆರೆಯಿತು. ಇತ್ತ ಇಂಗ್ಲೆಂಡಿನ ಲಿಸ್ಟರ್ ಮಾದರಿಯ, ನಿಮಿಷಕ್ಕೆ 650 ಸುತ್ತು ತಿರುಗುವ ನಿಧಾನಗತಿಯ ಇಂಜಿನ್ನುಗಳನ್ನು ರಾಜಕೋಟದವರು ಎರಕ ಹೊಯ್ದು ದೇಶಕ್ಕೆಲ್ಲ ಹಂಚಿದರು. ಇಂಥ ಇಂಜಿನ್ ನಿಜಕ್ಕೂ ಸ್ವತಂತ್ರ ಪ್ರಾಣಿ. ಕಾಂಕ್ರೀಟಿನ ಕಟ್ಟೆ, ನಾಲ್ಕು ಬೋಲ್ಟು, ಒಂದು ಪಟ್ಟಾ, ಇಷ್ಟಿದ್ದರೆ ಸಾಕು. ಪಟ್ಟಾದ ಇನ್ನೊಂದು ತುದಿಗೆ ಜೋಳ ಬೀಸುವ ಕಲ್ಲಿದೆಯೋ ಖಾರ ಕುಟ್ಟುವ ಯಂತ್ರವಿದೆಯೋ ನೀರೆತ್ತುವ ಪಂಪಿದೆಯೋ ಎಂದು ಅದು ಕೇಳುವುದಿಲ್ಲ. ಒಂದು ಕೆಟ್ಟರೆ ಅದನ್ನು ಎತ್ತಿ ಇನ್ನೊಂದನ್ನು ಕೂಡ್ರಿಸಿದರಾಯಿತು, ಸಂಜೆಗೆ ಹಿಟ್ಟು ಬೀಳುತ್ತದೆ. ಈ ಪಾಠಶಾಲೆಯಲ್ಲಿ ಕಲಿತವರು ಕಾರಿನ ಬಾನೆಟ್ ಎತ್ತಿದಾಗ ಅಲ್ಲಿಯೂ ಗಿರಣಿಯನ್ನೇ ಕಂಡರೆ ಆಶ್ಚರ್ಯವೇನು? ಕಾರಿನ ಇಂಜಿನ್ನಿಗೆ ಪಟ್ಟಾ ಒಂದೇ ಸಂಬಂಧವಲ್ಲ, ಮೈತುಂಬ ಸಂಬಂಧಿಕರು ಎಂಬುದು ಹಳೆಯದನ್ನು ಗಿಡಕ್ಕೆ ನೇತುಹಾಕಿದ ಮೇಲೆಯೇ ತಿಳಿಯುತ್ತದೆ.

ಸಾಕ್ಷಿಗೆ ಆ ಅಂಬಾಸಿಡರನ್ನೇ ತೆಗೆದುಕೊಳ್ಳೋಣ. ಹಿಂದೂಸ್ಥಾನ್ ಮೋಟಾರ್ಸಿನ ಉತ್ತರಪಾರಾ ಕಾರ್ಖಾನೆ ಅದಕ್ಕೆ ಬಹುಕಾಲ ಕೊಟ್ಟಿದ್ದು 1489 ಸಿಸಿಯ ಪೆಟ್ರೋಲ್ ಇಂಜಿನ್. ಅದರ ಜಾಗಕ್ಕೆ ಬರುವ ಮ್ಯಾಟಡೋರ್ ಇಂಜಿನ್ನು ಮರ್ಸಿಡಿಸ್ ಕಂಪನಿಯ ಲೈಸೆನ್ಸಿನಲ್ಲಿ ಬಜಾಜ್ ಟೆಂಪೋದವರು ತಯಾರಿಸುತ್ತಿದ್ದ ಓಎಂ 616, ಎರಡು ಲೀಟರಿಗೂ ಮಿಕ್ಕಿದ ಡೀಸೆಲ್. ಮೊದಲ ತೊಡಕು ಫೌಂಡೇಶನ್ನಿನದು: ಹಳೆಯ ಇಂಜಿನ್ ಕೂತಿದ್ದ ಕಿವಿಗಳಿಗೂ ಹೊಸದರ ಕಾಲುಗಳಿಗೂ ತಾಳೆಯಿಲ್ಲ. ಪಟ್ಟಿ ಕತ್ತರಿಸಿ, ತೂತು ಕೊರೆದು, ವೆಲ್ಡಿಂಗ್ ಹೊಡೆದು ಹೊಸ ಕಿವಿ ಮಾಡಬೇಕು. ಇಳಿಸಿದರೆ ಆಯಿಲ್ ಚೇಂಬರು ಕೆಳಗಿನ ಅಡ್ಡಪಟ್ಟಿಗೆ ಬಡಿಯುತ್ತದೆ. ಚೇಂಬರನ್ನು ಕೊಯ್ದು ಮತ್ತೆ ಬೆಸೆಯಬೇಕು. ಮುಂದಕ್ಕೆ ಸರಿಸಿದರೆ ಫ್ಯಾನು ರೇಡಿಯೇಟರನ್ನು ಸವರುತ್ತದೆ. ರೇಡಿಯೇಟರ್ ಮುಂದಕ್ಕೆ ಹೋಗಬೇಕು. ಇಂಜಿನ್ನಿನ ಹಿಂಬದಿಯ ಹೌಸಿಂಗಿನ ತೂತು ಅಂಬಾಸಿಡರಿನ ಗೇರ್‌ಬಾಕ್ಸಿಗೆ ಕೂಡುವುದಿಲ್ಲ. ಹಾಗಾದರೆ ಮ್ಯಾಟಡೋರಿನ ಗೇರ್‌ಬಾಕ್ಸನ್ನೇ ತಂದರಾಯಿತು ಎನ್ನುವಂತಿಲ್ಲ, ಏಕೆಂದರೆ ಆ ವ್ಯಾನು ಮುಂದಿನ ಚಕ್ರದಿಂದ ಎಳೆಯುವ ಗಾಡಿ, ಅಂಬಾಸಿಡರ್ ಹಿಂದಿನ ಚಕ್ರದಿಂದ ದೂಡುವ ಗಾಡಿ. ಲೇಥಿನವರ ಹತ್ತಿರ ನಡುವೆ ಒಂದು ದಪ್ಪ ಪ್ಲೇಟು ಮಾಡಿಸಬೇಕು, ಇಲ್ಲವೆ ಬಜಾಜ್ ಟೆಂಪೋದವರದೇ, ಹಿಂದಿನ ಚಕ್ರದಿಂದ ದೂಡುವ ಟ್ರ್ಯಾಕ್ಸಿನ ಗೇರ್‌ಬಾಕ್ಸ್ ಹುಡುಕಬೇಕು. ಗೇರ್‌ಬಾಕ್ಸ್ ಬದಲಾದರೆ ಸ್ಟಿಯರಿಂಗ್ ಪಕ್ಕದಲ್ಲಿದ್ದ ಗೇರಿನ ದಾಂಡು ಕೆಲಸಕ್ಕೆ ಬಾರದು. ನೆಲ ಕೊರೆದು ಹೊಸ ದಾಂಡನ್ನು ಎಬ್ಬಿಸಬೇಕು. ಅದು ಎದ್ದು ನಿಲ್ಲುವುದು ಮುಂದಿನ ಉದ್ದ ಸೀಟಿನ ನಡುವೆ ಕೂತವನ ಮೊಣಕಾಲುಗಳ ಮಧ್ಯೆ. ಮೂರನೆಯ ಗೇರಿಗೆ ಅವನ ಒಪ್ಪಿಗೆ ಬೇಕು. ಗೇರ್‌ಬಾಕ್ಸಿನ ಉದ್ದ ಬೇರೆಯಾದ್ದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬೆಸೆಯಬೇಕು, ಬೆಸೆದದ್ದನ್ನು ಬ್ಯಾಲೆನ್ಸ್ ಮಾಡಿಸಬೇಕು. ಮಾಡಿಸದಿದ್ದರೆ ಬಂಕಾಪುರ ದಾಟುವಷ್ಟರಲ್ಲಿ ಗಾಡಿಯೊಳಗಿನವರ ಹಲ್ಲು ಅಲುಗುತ್ತವೆ. ಇಷ್ಟೂ ಹೊತ್ತು ಇಂಜಿನ್ ಮಾತ್ರ ಇದ್ದ ಹಾಗೇ ಇದೆ ಎಂಬುದನ್ನು ಓದುಗರು ಗಮನಿಸಬೇಕು. ಕೆಳಗಿನ ಚೇಂಬರೊಂದನ್ನು ಬಿಟ್ಟರೆ ಅದರ ಒಂದು ನಟ್ಟನ್ನೂ ಯಾರೂ ಬಿಚ್ಚಿಲ್ಲ.

ಇನ್ನು ಎಣ್ಣೆಯ ಸಂಗತಿ. ಪೆಟ್ರೋಲ್ ಇಂಜಿನ್ ಕಿಡಿಯಿಂದ ಉರಿಯುತ್ತದೆ, ಡೀಸೆಲ್ ಒತ್ತಡದಿಂದ. ಗಾಳಿಯನ್ನು ಇಪ್ಪತ್ತು ಪಟ್ಟು ಹಿಂಡಿದಾಗ ಹುಟ್ಟುವ ಕಾವೇ ಅದರ ಕಡ್ಡಿಪೆಟ್ಟಿಗೆ. ಹೀಗಾಗಿ ಕಾಯಿಲ್ಲು, ಡಿಸ್ಟ್ರಿಬ್ಯೂಟರು, ಕಾರ್ಬೊರೇಟರು ಎಲ್ಲ ಗುಜರಿಗೆ. ಹೀಟರ್ ಪ್ಲಗ್ಗು, ದೊಡ್ಡ ಬ್ಯಾಟರಿ, ಡೀಸೆಲ್ ಫಿಲ್ಟರು ಒಳಗೆ. ಇಂಜೆಕ್ಟರಿನಲ್ಲಿ ಉಳಿದ ಎಣ್ಣೆ ಟ್ಯಾಂಕಿಗೆ ಮರಳಬೇಕು, ಪೆಟ್ರೋಲ್ ಟ್ಯಾಂಕಿನಲ್ಲಿ ಆ ದಾರಿಯಿಲ್ಲ. ಅಲ್ಲಿಗೂ ಒಂದು ಪೈಪು ಎಳೆಯಬೇಕು. ಎಲ್ಲ ಮುಗಿಸಿ ಚಾವಿ ತಿರುಗಿಸಿದರೆ ಇಂಜಿನ್ ಗಿರಗಿರ ಸುತ್ತುತ್ತದೆ, ಹತ್ತುವುದಿಲ್ಲ. ಪೈಪಿನಲ್ಲಿ ಏರ್ ಹಿಡಿದಿದೆ. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಕೈಪಂಪು ಒತ್ತುತ್ತ, ನೊರೆನೊರೆಯಾಗಿ ಬರುವ ಡೀಸೆಲ್ ನೊರೆ ನಿಂತು ತಿಳಿಯಾಗುವ ತನಕ ಕಾದು, ಮತ್ತೆ ಬಿಗಿಯಬೇಕು. ಕೈ, ಅಂಗಿ, ಮಾತು ಎಲ್ಲ ಡೀಸೆಲ್ ಆದ ಮೇಲೆ ಇಂಜಿನ್ ಹತ್ತುತ್ತದೆ. ಆಗ ಎದ್ದ ಸಂಭ್ರಮದಲ್ಲಿ ಹೊಸ ಸಮಸ್ಯೆ ಕಾಣುತ್ತದೆ: ಅದು ಆರುವುದಿಲ್ಲ. ಪೆಟ್ರೋಲ್ ಗಾಡಿಯ ಚಾವಿ ಕಿಡಿಯನ್ನು ಕಡಿಯುತ್ತದೆ. ಕಿಡಿಯೇ ಬೇಡದ ಡೀಸೆಲ್ಲಿಗೆ ಚಾವಿಯ ಹಂಗೇನು? ಚಾವಿ ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಹೋದರೂ ಅದು ತನ್ನ ಪಾಡಿಗೆ ಓಡುತ್ತಿರುತ್ತದೆ. ಎಣ್ಣೆ ನಿಲ್ಲಿಸಲು ಡ್ಯಾಶ್‌ಬೋರ್ಡಿಗೆ ಒಂದು ಸ್ಟಾಪ್ ವೈರು ಎಳೆದು, ತುದಿಗೆ ಗುಂಡಿ ಕೂಡ್ರಿಸಬೇಕು. ಚಾಲೂ ಮಾಡುವುದನ್ನು ಹೇಳುವ ಕತೆಗಾರರು ಬಂದ್ ಮಾಡಿದ್ದನ್ನು ಹೇಳದಿರುವುದಕ್ಕೆ ಇದೇ ಕಾರಣ.

ಗಾಡಿ ಓಡತೊಡಗಿದ ಮೇಲಾದರೂ ಕೆಲಸ ಮುಗಿಯಿತೇ? ಜೋಡೆತ್ತಿನಲ್ಲಿ ಒಂದನ್ನು ಬದಲಿಸಿದವನಿಗೆ ನೊಗ, ಹಗ್ಗ, ಇನ್ನೊಂದು ಎತ್ತು ಮೂರರ ಜೊತೆಗೂ ಜಗಳ ತಪ್ಪದು. ಡೀಸೆಲ್ ಇಂಜಿನ್ ಭಾರ, ಆದ್ದರಿಂದ ಅಂಬಾಸಿಡರಿನ ಮೂತಿ ಬಾಗುತ್ತದೆ. ಟಾರ್ಷನ್ ಬಾರನ್ನು ತಿರುವಿ ಎತ್ತಬೇಕು. ಜೀಪಾದರೆ ಪಾಟಾಕ್ಕೆ ಇನ್ನೊಂದು ಎಲೆ ಸೇರಿಸಬೇಕು. ಹಳೆಯ ಮಹೀಂದ್ರಾ ಜೀಪುಗಳಲ್ಲಿ ಚಕ್ರ ಒಂದು ಸುತ್ತು ಬರಲು ಶಾಫ್ಟು ಐದು ಸುತ್ತಿಗೂ ಹೆಚ್ಚು ತಿರುಗಬೇಕು. ಪೆಟ್ರೋಲ್ ಇಂಜಿನ್ನಿಗೆ ಅದು ಸರಿ, ವೇಗವಾಗಿ ತಿರುಗಲೊಲ್ಲದ ಡೀಸೆಲ್ಲಿಗೆ ಅದು ಶಿಕ್ಷೆ. ಹೆದ್ದಾರಿಗೆ ಬಂದರೆ ಇಂಜಿನ್ ಅರಚುತ್ತದೆ, ಗಾಡಿ ಮಾತ್ರ ಎತ್ತಿನಗಾಡಿಗೆ ಸೈಡು ಕೊಡುತ್ತದೆ. ಪರಿಹಾರ ಬೇಕೆಂದರೆ ಹಿಂದಿನ ಹೌಸಿಂಗಿನ ಹಲ್ಲುಗಾಲಿಗಳನ್ನೂ ಬದಲಿಸಬೇಕು. ಭಾರ ಹೆಚ್ಚಿದ ಮೇಲೆ ಬ್ರೇಕಿನ ಪ್ರಶ್ನೆ. ಆ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ತಡಸದ ಇಳಿಜಾರಿನಲ್ಲಿ ಮುಂದಿನ ಲಾರಿ ಕೇಳುತ್ತದೆ.

ಇದಕ್ಕೊಂದು ಆಕ್ಷೇಪಣೆ ಬರಬಹುದು: ಇವೆಲ್ಲ ಹವ್ಯಾಸಿಗಳ ಪಾಡು, ಬಲ್ಲವರು ಮಾಡಿದರೆ ಹೀಗೆ ಆಗುವುದಿಲ್ಲ. ಬಲ್ಲವರನ್ನೇ ನೋಡೋಣ. 1990ರ ದಶಕದ ಆರಂಭದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ತಾನೇ ಅಂಬಾಸಿಡರಿಗೆ ಜಪಾನಿನ ಇಸುಜುವಿನ 1800 ಸಿಸಿ ಇಂಜಿನ್ ಹಾಕಿತು. ಅದರ ಜೊತೆಗೆ ಐದು ಗೇರಿನ ಹೊಸ ಗೇರ್‌ಬಾಕ್ಸ್ ಬಂತು, ದಾಂಡು ಸ್ಟಿಯರಿಂಗ್ ಬಿಟ್ಟು ನೆಲಕ್ಕೆ ಇಳಿಯಿತು, ಮುಂದಿನ ಉದ್ದ ಸೀಟು ಹೋಗಿ ಬಿಡಿ ಸೀಟು ಬಂತು. ಅಂದರೆ ಇಂಜಿನ್ ಬದಲಿಸಲು ಹೋದ ಕಾರ್ಖಾನೆ ಕೊನೆಗೆ ಸೀಟನ್ನೂ ಬದಲಿಸಿತು. ಸೀಮೆ ದಾಟಿ ನೋಡಿದರೂ ಅಷ್ಟೇ. ಅಮೆರಿಕದ ಕ್ಯಾರಲ್ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಎಸಿ ಕಂಪನಿಯ ಹಗುರ ಕಾರಿಗೆ ಫೋರ್ಡ್ ವಿ-8 ಇಂಜಿನ್ ಇಟ್ಟು ಕೋಬ್ರಾ ಮಾಡಿದ. ಜಗತ್ತು ಇವತ್ತಿಗೂ ಅದನ್ನು ಇಂಜಿನ್ನಿನ ಕತೆಯಾಗಿಯೇ ಹೇಳುತ್ತದೆ. ಆದರೆ ಏಳು ಲೀಟರಿನ ದೊಡ್ಡ ಇಂಜಿನ್ನನ್ನು 1965ರಲ್ಲಿ ಹಾಕಲು ಹೊರಟಾಗ ಹಳೆಯ ಚಾಸಿಸ್ಸನ್ನೇ ಬಿಟ್ಟು, ದಪ್ಪ ಪೈಪಿನ ಹೊಸ ಚಾಸಿಸ್ ಮಾಡಿ, ಪಾಟಾ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಬೇಕಾಯಿತು. ಬಲ್ಲವರಿಗೂ ಹವ್ಯಾಸಿಗೂ ಇರುವ ಅಂತರ ಇಷ್ಟೇ: ಉಳಿದದ್ದನ್ನೆಲ್ಲ ಬದಲಿಸಬೇಕು ಎಂಬುದು ಬಲ್ಲವರಿಗೆ ಮೊದಲೇ ಗೊತ್ತಿರುತ್ತದೆ, ಹವ್ಯಾಸಿಗೆ ಒಂದೊಂದಾಗಿ ಗೊತ್ತಾಗುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಅದೇ ಕಂಪನಿಯ, ಅದೇ ಮಾದರಿಯ ಇಂಜಿನ್ ತಂದರೆ? ಒಂದು ಮಾರುತಿಯಿಂದ ಇಳಿಸಿ ಇನ್ನೊಂದು ಮಾರುತಿಗೆ ಏರಿಸಿದರೆ ಎಲ್ಲ ತೂತೂ ಕೂಡುತ್ತವಲ್ಲ? ಕೂಡುತ್ತವೆ, ಒಪ್ಪಿದೆ. ಆದರೆ ಆಗ ಬದಲಾಗದೆ ಉಳಿದದ್ದು ಕಾಗದ. ನೋಂದಣಿ ಪತ್ರದಲ್ಲಿ ಚಾಸಿಸ್ ನಂಬರಿನ ಪಕ್ಕದಲ್ಲೇ ಇಂಜಿನ್ ನಂಬರು ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಜಿನ್ ಬದಲಾದರೆ 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಮತ್ತೊಮ್ಮೆ ಹೇಳಿದೆ. ಕಾನೂನು ಇಲ್ಲಿ ವೀರಭದ್ರನ ಕತೆ ಹೇಳುವ ನಮ್ಮ ಪುರವಂತರ ಕಡೆಗಿದೆ ಎಂಬುದು ಸ್ವಾರಸ್ಯ. ಈ ಭಾಗದ ವೀರಭದ್ರನ ಗುಡಿಗಳಲ್ಲಿ ದೇವರ ಪಕ್ಕ ಕುರಿತಲೆಯ ದಕ್ಷ ಕೈಮುಗಿದು ನಿಂತಿರುತ್ತಾನೆ. ಜಾತ್ರೆಯಲ್ಲಿ ಪುರವಂತರು ಒಡಪಿನಲ್ಲಿ ಅವನ ಕತೆ ಹೇಳುತ್ತಾರೆ. ವೀರಭದ್ರ ಕಡಿದ ತಲೆಯ ಜಾಗಕ್ಕೆ ಕುರಿಯದು ಬಂದು ಮೇಲಿನ ಭಾಗ ಪೂರ್ತಿ ಬದಲಾದರೂ ಅವನ ಹೆಸರು ದಕ್ಷನೆಂದೇ ಉಳಿಯಿತು, ಕುರಿ ಎಂದಾಗಲಿಲ್ಲ. ನೋಂದಣಿ ಕಚೇರಿಯ ಸಿದ್ಧಾಂತವೂ ಅದೇ: ಯಾವ ಇಂಜಿನ್ ಬಂದರೂ ನಮ್ಮ ಸೀಮೆಯ ಕೆಎ 27ರ ನಂಬರು ಚಾಸಿಸ್ಸಿನ ಜೊತೆಗೇ ಇರುತ್ತದೆ. ಪುರಾಣ, ಕಾನೂನು ಎರಡೂ ಒಪ್ಪಿದ ಮೇಲೆ, ಗಾಡಿ ಎಂದರೆ ಇಂಜಿನ್ ಎಂದು ಹಟ ಹಿಡಿಯುವುದು ಗ್ಯಾರೇಜಿನವರು ಮಾತ್ರ.

ಕೊನೆಯ ಆಕ್ಷೇಪಣೆ ರೊಕ್ಕದ್ದು. ದಶಕಗಳ ಕಾಲ ಡೀಸೆಲ್ ಪೆಟ್ರೋಲಿಗಿಂತ ಬಹಳ ಅಗ್ಗವಿತ್ತು, ಲೀಟರಿಗೆ ಮೈಲೇಜೂ ಹೆಚ್ಚು. ಏನೇ ಬದಲಿಸಬೇಕಾಗಿ ಬಂದರೂ ಗಾಡಿ ತನ್ನ ಖರ್ಚನ್ನು ತಾನೇ ದುಡಿದು ತೀರಿಸುತ್ತಿತ್ತಲ್ಲ ಎಂಬ ಮಾತು. ಬಾಡಿಗೆಗೆ ದಿನವಿಡೀ ಓಡುವ ಗಾಡಿಗೆ ಇದು ನಿಜ. ಮದುವೆ, ಜಾತ್ರೆ, ಹುಬ್ಬಳ್ಳಿಯ ದವಾಖಾನೆ ಇಷ್ಟಕ್ಕೆ ಹೊರಡುವ ಮನೆಗಾಡಿಗೆ ಅಲ್ಲ. ಅದರ ಲೆಕ್ಕದಲ್ಲಿ ಇಂಜಿನ್ನಿನ ಬೆಲೆ ಬರೆದಿರುತ್ತದೆ. ಪ್ಲೇಟು, ಶಾಫ್ಟು, ರೇಡಿಯೇಟರು, ಬ್ಯಾಟರಿ, ಲೇಥು, ಚಹಾ ಇವು ಬರೆದಿರುವುದಿಲ್ಲ. ಉಳಿತಾಯ ಶುರುವಾಗುವ ಹೊತ್ತಿಗೆ ಸರಕಾರವೇ ಅಂತರ ತಗ್ಗಿಸಿತು: 2010ರ ಜೂನಿನಲ್ಲಿ ಪೆಟ್ರೋಲಿನ, 2014ರ ಅಕ್ಟೋಬರಿನಲ್ಲಿ ಡೀಸೆಲ್ಲಿನ ದರ ನಿಯಂತ್ರಣ ಹೋಯಿತು. ಅಂಬಾಸಿಡರಿನ ತಯಾರಿಕೆಯೂ 2014ರಲ್ಲೇ ನಿಂತಿತು.

ಹಾಗಾದರೆ ಈ ಹವ್ಯಾಸಿಗಳು ಮಾಡಿದ್ದು ದಂಡವೇ? ಅಲ್ಲವೇ ಅಲ್ಲ, ನನ್ನ ವಾದದ ಫಲ ಇದಕ್ಕೆ ತಿರುಗುಮುರುಗು. ಕಂಪನಿಯ ಮೆಕ್ಯಾನಿಕ್ಕಿಗೆ ಪ್ರತಿ ನಟ್ಟೂ ಎಲ್ಲಿದೆ ಎಂದು ಗೊತ್ತು. ಒಮ್ಮೆ ಬೇರೆ ಜಾತಿಯ ಇಂಜಿನ್ ಕೂಡ್ರಿಸಿದವನಿಗೆ ಆ ನಟ್ಟು ಅಲ್ಲೇ ಯಾಕಿದೆ ಎಂದು ಗೊತ್ತು, ಏಕೆಂದರೆ ಅದನ್ನು ಬೇರೆಡೆ ಇಡಲು ಹೋಗಿ ಅವನು ಏಟು ತಿಂದಿದ್ದಾನೆ. ಗಾಡಿಯ ಒಂದು ಭಾಗ ಇನ್ನೊಂದಕ್ಕೆ ಎಷ್ಟು ಋಣಿ ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಪಾಠ ಬೇರೊಂದಿಲ್ಲ. ತಕರಾರು ಇರುವುದು ಕಲಿತದ್ದನ್ನು ಮುಚ್ಚಿಟ್ಟು, ಕಲಿಯದೆ ಸಿಕ್ಕ ಇಂಜಿನ್ನಿನ ಗದ್ದಲವನ್ನೇ ಹಾಡಿ ಹೊಗಳುವುದರಲ್ಲಿ. ಆದ್ದರಿಂದ ಇಂಥ ಗಾಡಿ ಕೊಳ್ಳಲು ಹೋಗುವವರಿಗೆ ಒಂದು ಸಲಹೆ. ಬಾನೆಟ್ ಎತ್ತಿ “ಯಾವ ಇಂಜಿನ್ರಿ ಅಣ್ಣಾರ?” ಎಂದು ಕೇಳಬೇಡಿ, ಅದನ್ನು ಅವರು ಕೇಳದೆಯೇ ಹೇಳುತ್ತಾರೆ. “ಇಂಜಿನ್ ಬಿಟ್ಟು ಮತ್ತೇನೇನು ಬದಲಿ ಮಾಡೀರಿ?” ಎಂದು ಕೇಳಿ. ಉತ್ತರ ಅರ್ಧ ತಾಸು ನಡೆದು ಬ್ರೇಕಿನ ಹೆಸರು ಎರಡು ಸಲ ಬಂದರೆ ಮುಂಗಡ ಕೊಡಬಹುದು. “ಏನೂ ಇಲ್ರಿ, ಅದೊಂದ” ಎಂದರೆ ನಮಸ್ಕಾರ ಹೇಳಿ ಬಸ್ಸು ಹಿಡಿಯುವುದು ಒಳ್ಳೆಯದು.