ಮುಖ ನೋಡಿ ಮಣೆ ಹಾಕುವವಳು

ನಮ್ಮ ಮನೆಯಲ್ಲಿ ಈಗ ಮನುಷ್ಯರಿಗೆ ಬೆಲೆ ಕಟ್ಟುವ ಅಧಿಕಾರ ಇರುವುದು ಇನ್ನೂ ಹಲ್ಲು ಪೂರ್ತಿ ಬರದ ಒಬ್ಬಳ ಕೈಯಲ್ಲಿ. ಅಜ್ಜಿ, ಅಂದರೆ ನನ್ನ ಅತ್ತೆ, ಬಾಗಿಲಲ್ಲಿ ಕಂಡರೆ ಸಾಕು, ಕೈಕಾಲು ಬಡಿದು ಕೇಕೆ ಹಾಕುತ್ತಾಳೆ. ಅಮ್ಮ ಕಂಡರೆ ಎರಡೂ ಕೈ ಚಾಚಿ ಎತ್ತಿಕೋ ಎಂಬ ಅಪ್ಪಣೆ. ಹಾಲಿನವನಿಗೆ ದಿನಾ ಬೆಳಗ್ಗೆ ಒಂದು ಬೊಚ್ಚುನಗೆ. ಸೀಲಿಂಗ್ ಫ್ಯಾನಿನ ಮೇಲೆ ಅಖಂಡ ಭಕ್ತಿ. ನಾನು ಎದುರಿಗೆ ಬಂದರೆ ಮಾತ್ರ, ಬ್ಯಾಂಕಿನ ಕೌಂಟರಿನವರು ಚೆಕ್ಕಿನ ಸಹಿ ಹೊಂದುತ್ತದೋ ಇಲ್ಲವೋ ಎಂದು ನೋಡುವಂತೆ ನೋಡುತ್ತಾಳೆ. ಸಹಿ ಸಾಮಾನ್ಯವಾಗಿ ಹೊಂದುವುದಿಲ್ಲ.

ಹೀಗೆ ಮುಖ ನೋಡಿ ಮಣೆ ಹಾಕುವ ವಿದ್ಯೆ ಇವಳಿಗೆ ಎಲ್ಲಿಂದ ಬಂತು ಎಂದು ತಿಳಿಯಲು ನಾನು ಪುಸ್ತಕಗಳ ಮೊರೆ ಹೋದೆ. ಮಗು ಎತ್ತಿಕೊಳ್ಳುವ ಸರದಿ ಬಂದಾಗಲೆಲ್ಲ ಓದಲು ಕೂರುವ ಗಂಡಸನ್ನು ಎಲ್ಲೂ ಕಂಡಿಲ್ಲ ಎಂಬುದು ನನ್ನಾಕೆಯ ದೂರು. ಇರಲಿ. ವಿದ್ಯೆಗೆ ಮನೆಯವರ ಬೆಂಬಲ ಎಂದೂ ಇದ್ದದ್ದಲ್ಲ.

ಅರಿಷ್ಟ ಶುರುವಾದದ್ದು ಮಗು ಹುಟ್ಟುವ ಮೊದಲೇ. ನನ್ನಾಕೆ ಬಸುರಿಯಾಗಿದ್ದಾಗ, ಅಪ್ಪನ ದನಿ ಈಗಿಂದಲೇ ಕಿವಿಗೆ ಬೀಳಲಿ ಎಂದು ಅವಳ ಹೊಟ್ಟೆಯ ಹತ್ತಿರ ಕೂತು ದಿನಪತ್ರಿಕೆಯ ಸಂಪಾದಕೀಯ ಓದುತ್ತಿದ್ದೆ. “ಒದೀತಿದೆ ಕಣ್ರೀ” ಎಂದಳು. ಮೆಚ್ಚುಗೆ ಎಂದು ತಿಳಿದು ವಾಚಕರ ಪತ್ರಗಳನ್ನೂ ಓದಿದೆ. ಅಮೆರಿಕದ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ಹುಟ್ಟಿ ಮೂರು ದಿನ ಆಗಿರದ ಶಿಶುಗಳ ಬಾಯಿಗೆ ಚೀಪುವ ನಿಪ್ಪಲ್ ಕೊಟ್ಟು, ಒಂದು ಲಯದಲ್ಲಿ ಚೀಪಿದರೆ ತಾಯಿಯ ದನಿ, ಇನ್ನೊಂದು ಲಯದಲ್ಲಿ ಚೀಪಿದರೆ ಬೇರೆ ಹೆಂಗಸಿನ ದನಿ ಕೇಳುವ ಏರ್ಪಾಡು ಮಾಡಿದರು. ಶಿಶುಗಳು ತಾಯಿಯ ದನಿ ಬರುವ ಲಯವನ್ನೇ ಹಿಡಿದು ಚೀಪಿದವು. ಬಹಳ ಚೆನ್ನಾಯಿತು. ಅಲ್ಲಿಗೇ ನಿಲ್ಲಬೇಕಿತ್ತು. 1984ರಲ್ಲಿ ಡಿಕ್ಯಾಸ್ಪರ್ ಇನ್ನೊಬ್ಬರನ್ನು ಜೊತೆಗಿಟ್ಟುಕೊಂಡು ಅಪ್ಪಂದಿರ ದನಿಯನ್ನೂ ಪರೀಕ್ಷೆಗೆ ಹಚ್ಚಿದರು. ಎರಡು ಗಂಡು ದನಿ ಬೇರೆಬೇರೆ ಎಂದು ಶಿಶುಗಳಿಗೆ ಗೊತ್ತಾಗುತ್ತಿತ್ತು, ಆದರೆ ಅಪ್ಪನದೇ ಬೇಕು ಎಂದು ಯಾವುದೂ ಹಟ ಹಿಡಿಯಲಿಲ್ಲ. ತಾಯಿಯ ದನಿ ಅವಳ ಮೈಯೊಳಗಿಂದಲೇ ಮಗುವಿಗೆ ತಲುಪುತ್ತದೆ. ನನ್ನ ಸಂಪಾದಕೀಯ ಹೊರಗಿನ ಗಲಾಟೆಯ ಲೆಕ್ಕಕ್ಕೆ ಸೇರಿತ್ತು.

ಹುಟ್ಟಿದ ಮೇಲೆ ಕಣ್ಣಿನ ಸರದಿ. 1975ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಹುಟ್ಟಿ ಹತ್ತು ನಿಮಿಷ ಆಗುವ ಹೊತ್ತಿಗೇ ಶಿಶುಗಳು ಮುಖದಂಥ ಚಿತ್ರವನ್ನು ಕಣ್ಣು, ಕತ್ತು ಹೊರಳಿಸಿ ಹಿಂಬಾಲಿಸಿದವು. ಅದೇ ಕಣ್ಣು, ಮೂಗು, ಬಾಯಿಗಳನ್ನು ಕಲಸಿ ಬರೆದ ಚಿತ್ರದ ಮೇಲೆ ಅಷ್ಟು ಆಸಕ್ತಿ ತೋರಲಿಲ್ಲ. ನನ್ನ ಮುಖ ಯಾವ ಗುಂಪಿಗೆ ಸೇರುತ್ತದೆ ಎಂದು ನನ್ನಾಕೆ ಕೇಳಿದಳು. ಉತ್ತರಿಸಲಿಲ್ಲ. ಎಳೆ ಮಗುವಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರಿನಷ್ಟು ದೂರ ಮಾತ್ರ. ಹಾಲು ಕುಡಿಯುವಾಗ ಅಮ್ಮನ ಮುಖ ಸರಿಯಾಗಿ ಅಲ್ಲೇ ಇರುತ್ತದೆ. ಮಂಚದ ಕಾಲಬುಡದಲ್ಲಿ ಮೊಬೈಲ್ ಹಿಡಿದು ಫೋಟೋ ತೆಗೆಯುತ್ತಿದ್ದ ನಾನು ಆ ವಾರವಿಡೀ ಅವಳ ಪಾಲಿಗೆ ಒಂದು ಮಸುಕು ಕಲೆಯಾಗಿದ್ದೆ.

ಬಾಣಂತನಕ್ಕೆ ತಿಪಟೂರಿನ ಅತ್ತೆಯ ಮನೆಗೆ ಹೋದ ಮೇಲೆ ಸಂಶೋಧನೆ ಚುರುಕಾಯಿತು. ಶನಿವಾರ ಬಸ್ಸು ಹತ್ತಿ ಹೋಗುವುದು, ಭಾನುವಾರ ರಾತ್ರಿ ವಾಪಸು. ಅಲ್ಲಿ ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಕೋಣೆಯ ತುಂಬ ಸಾಂಬ್ರಾಣಿ ಹೊಗೆ. ನಾನು ಓದಿದ್ದ ಒಂದು ಫ್ರೆಂಚ್ ಪ್ರಯೋಗ ತಕ್ಷಣ ನೆನಪಾಯಿತು. 1995ರಲ್ಲಿ ಪಾಸ್ಕಾಲಿಸ್ ಮತ್ತು ಸಂಗಡಿಗರು ಕಂಡಂತೆ, ನಾಲ್ಕು ದಿನದ ಕೂಸು ಅಮ್ಮನ ಮುಖವನ್ನು ಬೇರೆಯವರ ಮುಖಕ್ಕಿಂತ ಹೆಚ್ಚು ಹೊತ್ತು ನೋಡುತ್ತದೆ. ಆದರೆ ಇಬ್ಬರ ತಲೆಗೂ ಬಟ್ಟೆ ಕಟ್ಟಿ ಕೂದಲಿನ ಅಂಚು ಮುಚ್ಚಿದರೆ ವ್ಯತ್ಯಾಸ ಸಿಗದೆ ಒದ್ದಾಡುತ್ತದೆ. ಇದನ್ನು ಅತ್ತೆಗೆ ವಿವರವಾಗಿ ತಿಳಿಸಿ, ಮಗುವಿನ ಹಿತದೃಷ್ಟಿಯಿಂದ ಬಟ್ಟೆ ಬಿಚ್ಚಬೇಕು ಎಂದೆ.

“ಹಾಲು ಎಲ್ಲಿದೆ ಅಂತ ಅದಕ್ಕೆ ವಾಸನೇಲೇ ಗೊತ್ತಾಗತ್ತೆ, ಸುಮ್ನಿರಿ. ಶೀತ ಆದ್ರೆ ನೀವು ನೋಡ್ಕೋತೀರಾ?” ಎಂದರು ಅತ್ತೆ.

ಊರಿಗೆ ಬಂದು ಹುಡುಕಿದರೆ, ಇಂಗ್ಲೆಂಡಿನ ಏಡನ್ ಮ್ಯಾಕ್‌ಫರ್ಲೇನ್ 1975ರಲ್ಲೇ ಅದನ್ನೂ ಬರೆದಿಟ್ಟಿದ್ದಾರೆ. ಹುಟ್ಟಿದ ಒಂದು ವಾರದ ಆಸುಪಾಸಿನಲ್ಲೇ ಕೂಸು ತನ್ನ ತಾಯಿಯ ಎದೆಹಾಲು ಸೋಕಿದ ಬಟ್ಟೆಯ ಕಡೆಗೇ ಮುಖ ತಿರುಗಿಸುತ್ತದೆ, ಬೇರೆ ತಾಯಿಯದರ ಕಡೆಗಲ್ಲ. ಅತ್ತೆ ಇದನ್ನು ಯಾವ ಪತ್ರಿಕೆಯಲ್ಲೂ ಓದಿರಲಾರರು. ನನಗೆ ಹೆಚ್ಚು ನೋವಾದದ್ದು ಕೂದಲಿನ ಅಂಚಿನ ವಿಷಯ. ಮಗು ಗುರುತು ಹಿಡಿಯುವುದೇ ಆ ಗಡಿಯಿಂದ ಎಂದಾದರೆ ನನ್ನ ಗತಿಯೇನು? ನನ್ನ ಗಡಿ ಹಿಂದೆ ಸರಿದು ಸರಿದು ಈಗ ಕತ್ತಿನ ಹತ್ತಿರ ಬೀಡುಬಿಟ್ಟಿದೆ.

ನಗುವಿನ ವಿಚಾರದಲ್ಲೂ ಇದೇ ಪಾಡು. ಮೊದಲ ವಾರಗಳಲ್ಲಿ ಮಗು ನಿದ್ದೆಯಲ್ಲಿ ತುಟಿಯಂಚು ಕೊಂಕಿಸಿತು. ನನ್ನನ್ನು ನೆನೆದು ನಕ್ಕಳು ಎಂದೆ. “ದೇವರು ನಗಿಸ್ತಾನೆ” ಎಂದರು ಅತ್ತೆ. ವಿಜ್ಞಾನವೂ ಇದಕ್ಕೆ ಅಪ್ಪನನ್ನು ಹೊಣೆ ಮಾಡುವುದಿಲ್ಲ. ನಿದ್ದೆಯಲ್ಲಿ ತಾನಾಗಿ ಬಂದು ಹೋಗುವ ನಗೆ ಅದು. ಎದುರಿನವರ ಮುಖ ನೋಡಿ ನಗುವ ನಗು ಆರರಿಂದ ಎಂಟು ವಾರದ ಹೊತ್ತಿಗೆ ಬರುತ್ತದೆ. ಅದನ್ನು ಬೇಗ ಬರಿಸಲು ನನ್ನಲ್ಲಿ ಒಂದು ಉಪಾಯವಿತ್ತು. 1977ರಲ್ಲಿ ಆಂಡ್ರ್ಯೂ ಮೆಲ್ಟ್ಜಾಫ್ ಮತ್ತು ಕೀತ್ ಮೂರ್ ಎಂಬಿಬ್ಬರು, ಎರಡು ಮೂರು ವಾರದ ಕೂಸುಗಳು ದೊಡ್ಡವರು ನಾಲಿಗೆ ಚಾಚಿದರೆ ತಾವೂ ಚಾಚುತ್ತವೆ ಎಂದು ಬರೆದು ಲೋಕವನ್ನೇ ಬೆರಗುಗೊಳಿಸಿದ್ದರು. ನಾನು ತೊಟ್ಟಿಲ ಮೇಲೆ ಬಗ್ಗಿ ನಾಲಿಗೆ ಚಾಚಿದೆ. ಮಗು ನೋಡಿತು. ಇನ್ನಷ್ಟು ಚಾಚಿದೆ. ಮಗು ಆಕಳಿಸಿತು. ಹೀಗೆ ಮಾರುದ್ದ ನಾಲಿಗೆ ಇಳಿಬಿಟ್ಟು ನಿಂತಿದ್ದಾಗಲೇ ಮಗು ನೋಡಲು ಪಕ್ಕದ ಬೀದಿಯ ನಾಲ್ಕು ಜನ ಮುತ್ತೈದೆಯರು ಒಳಗೆ ಬಂದರು. ಅಂದು ಸಂಜೆ ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದದ್ದು ಮಗುವಿಗಲ್ಲ, ನನಗೆ. 2016ರಲ್ಲಿ ಬೇರೆ ಸಂಶೋಧಕರು ನೂರಕ್ಕೂ ಹೆಚ್ಚು ಶಿಶುಗಳನ್ನು ನೋಡಿ, ಅಂಥ ಅನುಕರಣೆಯೇನೂ ಕಾಣಲಿಲ್ಲ ಎಂದು ತಕರಾರು ತೆಗೆದಿದ್ದಾರೆ. ಆ ವ್ಯಾಜ್ಯ ಇನ್ನೂ ನಡೆಯುತ್ತಿದೆ. ತಿಪಟೂರಿನಲ್ಲಿ ಮಾತ್ರ ಎಂದೋ ತೀರ್ಪಾಗಿದೆ.

ಈ ದಾರಿಯಲ್ಲಿ ನನಗೆ ಸಿಕ್ಕ ಒಬ್ಬನೇ ಆಪ್ತ ಚಾರ್ಲ್ಸ್ ಡಾರ್ವಿನ್. 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನನ್ನು ಆತ ತೊಟ್ಟಿಲ ಪಕ್ಕ ಕೂತು ಗಮನಿಸಿ ಟಿಪ್ಪಣಿ ಮಾಡಿಕೊಂಡಿದ್ದ. ಮಗ ನಿಜವಾಗಿ ನಕ್ಕದ್ದು 45ನೇ ದಿನ ಎಂಬುದೂ ಅದರಲ್ಲಿದೆ. ಲೇಖನ ಅಚ್ಚಾದದ್ದು 1877ರಲ್ಲಿ. ಅಷ್ಟು ವರ್ಷ ಗಂಡಸೊಬ್ಬ ಒಂದು ಚೀಟಿಯನ್ನು ಕಳೆಯದೆ ಇಟ್ಟಿದ್ದ ಎಂಬುದನ್ನೇ ನನ್ನಾಕೆ ನಂಬುವುದಿಲ್ಲ. ಆತ ಮಗನ ಹತ್ತಿರ ಚಿತ್ರವಿಚಿತ್ರ ಸದ್ದು ಮಾಡುತ್ತಿದ್ದ. ಮಗುವಿಗೆ ಎಲ್ಲವೂ ತಮಾಷೆ. ನಾಲ್ಕೂವರೆ ತಿಂಗಳಾಗಿದ್ದಾಗ ಒಂದು ದಿನ ಹೊಸದಾಗಿ ಜೋರು ಗೊರಕೆಯ ಸದ್ದು ಮಾಡಿದ. ಮಗು ಗಂಭೀರವಾಗಿ ನೋಡಿ, ಮರುಕ್ಷಣ ಗೊಳೋ ಎಂದಿತು. ಎರಡು ಮೂರು ದಿನ ಬಿಟ್ಟು ಮರೆತು ಮತ್ತೆ ಗೊರಕೆ ಹೊಡೆದ, ಮತ್ತೆ ಗೊಳೋ. ಇನ್ನೊಮ್ಮೆ ಮಗುವಿನ ಕಡೆಗೆ ಬೆನ್ನು ಮಾಡಿಕೊಂಡು ಹಿಂದಕ್ಕೆ ನಡೆದು ಬಂದು ಅಲುಗಾಡದೆ ನಿಂತ. ಮಗು ಇನ್ನೇನು ಅಳಬೇಕು, ಅಷ್ಟರಲ್ಲಿ ತಿರುಗಿದ. ಮುಖ ಕಂಡದ್ದೇ ನಕ್ಕಿತು.

ಜೀವವಿಕಾಸವನ್ನು ಲೋಕಕ್ಕೆ ಬಿಡಿಸಿ ಹೇಳಿದವನ ಮನೆಯಲ್ಲೇ ಹೀಗೆ ಎಂದ ಮೇಲೆ ನನಗೆ ಸಮಾಧಾನವಾಯಿತು. ಈ ಪ್ರಸಂಗವನ್ನು ಮನೆಯಲ್ಲಿ ಹೇಳಬಾರದಿತ್ತು, ಅಷ್ಟೆ. ಅಂದಿನಿಂದ ವೈಜ್ಞಾನಿಕ ಆಧಾರದ ಮೇಲೆ ನನ್ನ ಹಾಸಿಗೆ ಹಾಲ್‌ಗೆ ಬಂದಿದೆ.

ಮಾತುಕತೆಗೆ ಬರೋಣ. ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, “ಏನಮ್ಮಾ ಬಂಗಾರೀ, ನೀರು ಹಾಕ್ಕೊಂಡ್ಯಾ?” ಎಂದು ದನಿ ಏರಿಸಿ ಎಳೆದು ಕೇಳುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಮಗು “ಊಂ” ಎನ್ನುತ್ತದೆ. “ಹೌದಾ! ನೀರು ಬಿಸಿ ಇತ್ತಾ?” ಮತ್ತೆ ಸುಮ್ಮನೆ. ಮತ್ತೆ “ಆಂಗೂ.” ಹೀಗೆ ಅರ್ಧ ಗಂಟೆ. ಮಾತೇ ಬಾರದವರ ಜೊತೆ ಸರದಿ ತಪ್ಪದೆ ನಡೆಯುವ ಈ ಸಂಭಾಷಣೆಯನ್ನು ಮೇರಿ ಕ್ಯಾಥರಿನ್ ಬೇಟ್ಸನ್ ಎಂಬ ವಿದುಷಿ 1975ರಲ್ಲಿ ಬಿಡಿಸಿ ಬರೆದಿದ್ದಾರೆ. ಹತ್ತು ವರ್ಷದ ಮೇಲೆ ಆನ್ ಫರ್ನಾಲ್ಡ್, ನಾಲ್ಕು ತಿಂಗಳ ಕೂಸುಗಳು ಸಾದಾ ಮಾತಿಗಿಂತ ಹೀಗೆ ರಾಗ ಎಳೆದು ಆಡಿದ ಮಾತಿನ ಕಡೆಗೇ ಹೆಚ್ಚು ಸಲ ಕತ್ತು ತಿರುಗಿಸುತ್ತವೆ ಎಂದು ತೋರಿಸಿದರು. ನಾನು ಎತ್ತಿಕೊಂಡು, ದೊಡ್ಡವರಿಗೆ ಕೊಡುವ ಮರ್ಯಾದೆಯಿಂದಲೇ, ಆಫೀಸಿನಲ್ಲಿ ಬಡ್ತಿ ತಪ್ಪಿದ ಹಿನ್ನೆಲೆಯನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಮಗು ಮಧ್ಯದಲ್ಲೇ ಮಲಗಿತು. ಇದನ್ನು ಜೋಗುಳ ಎಂದು ಒಪ್ಪಿಕೊಳ್ಳಲು ಯಾರೂ ಸಿದ್ಧರಿಲ್ಲ.

ಮಗು ಬೆಂಗಳೂರಿಗೆ ಬಂದ ಮೇಲೆ ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕನ್ನರಿಂದ ನನಗೆ ತೊಂದರೆ ಶುರುವಾಯಿತು. ಅವರ ಪ್ರಯೋಗ ಅಚ್ಚಾದದ್ದು 1978ರಲ್ಲಿ. ಅಮ್ಮ ಮಗುವನ್ನು ಆಡಿಸುತ್ತಿರುತ್ತಾಳೆ. ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕಲ್ಲಾಗುತ್ತಾಳೆ. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ತನ್ನಲ್ಲಿರುವ ವಿದ್ಯೆಯನ್ನೆಲ್ಲ ಪ್ರದರ್ಶಿಸುತ್ತದೆ. ಯಾವುದೂ ನಡೆಯದಿದ್ದಾಗ ಮುಖ ಬಾಡಿ, ಅತ್ತ ತಿರುಗಿಬಿಡುತ್ತದೆ. ಇಷ್ಟೆಲ್ಲ ಎರಡು ಮೂರು ನಿಮಿಷದಲ್ಲಿ.

“ಇದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಸಂಜೆ ಆರಕ್ಕೆ ನೀವು ಮೊಬೈಲ್ ಹಿಡ್ಕೊಂಡು ಕೂತ್ರೆ ದಿನಾ ಇದೇ ತಾನೇ?” ಎಂದಳು ನನ್ನಾಕೆ. ಸ್ವಲ್ಪ ತಡೆದು, “ನನ್ನ ಮೇಲಂತೂ ಮದುವೆ ಆದಾಗಿಂದ ನಡೀತಿದೆ. ನಾನು ಆ ಕಡೆ ತಿರುಗಿ ಎಷ್ಟೋ ಕಾಲ ಆಯ್ತು. ನಿಮ್ಗೇ ಇನ್ನೂ ಗೊತ್ತಾಗಿಲ್ಲ” ಎಂದಳು.

ನಾನು ಟ್ರಾನಿಕ್ ಅವರ ಮಾತನ್ನೇ ಆಧಾರವಾಗಿ ಹಿಡಿದೆ. ಒಳ್ಳೆಯ ತಾಯಿ ಮಗುವಿನ ನಡುವೆಯೂ ತಾಳ ತಪ್ಪುವುದೇ ಹೆಚ್ಚಂತೆ. ತಪ್ಪಿದ್ದನ್ನು ಮತ್ತೆ ಕೂಡಿಸಿಕೊಳ್ಳುವುದರಿಂದಲೇ ಮಗುವಿಗೆ ನಂಬಿಕೆ ಬೆಳೆಯುತ್ತದಂತೆ. ಆದ್ದರಿಂದ ಮನೆಯಲ್ಲಿ ತಾಳ ತಪ್ಪಿಸಲು ಒಬ್ಬರು ಬೇಕೇ ಬೇಕು, ಆ ಅರ್ಧ ಕೆಲಸವನ್ನು ನಾನು ನಿಷ್ಠೆಯಿಂದ ಮಾಡುತ್ತಿದ್ದೇನೆ ಎಂದು ವಾದಿಸಿದೆ. ನನ್ನಾಕೆ ಮಗುವನ್ನು ನನ್ನ ತೊಡೆಯ ಮೇಲಿಟ್ಟು, ಮೊಬೈಲ್ ಕಿತ್ತುಕೊಂಡು, ಉಳಿದರ್ಧವನ್ನೂ ಕಲಿಯಿರಿ ಎಂದು ಒಳಗೆ ಹೋದಳು. ಎಂಟನೇ ತಿಂಗಳಲ್ಲಿ ಹೊಸಬರನ್ನು ಕಂಡರೆ ಅಳುವ ಕಾಲ ಬಂತು. ಹಾಲಿನವನ ಬೊಚ್ಚುನಗೆ ಕೂಡ ಸ್ವಲ್ಪ ದಿನ ರದ್ದಾಯಿತು. ನನ್ನನ್ನು ಕಂಡು ಅಳಲಿಲ್ಲ. ಆ ತಿಂಗಳು ನಾನು ಎದೆಯುಬ್ಬಿಸಿ ಓಡಾಡಿದೆ.

ಇಷ್ಟೆಲ್ಲ ಓದಿಕೊಂಡವನಿಗೆ ಕೈಕೊಟ್ಟದ್ದು ಒಂದು ವರ್ಷದ ಪಾಠ. 1985ರಲ್ಲಿ ಜೋಸೆಫ್ ಕ್ಯಾಂಪೋಸ್ ಮತ್ತು ಜೊತೆಗಾರರು ವರ್ಷ ತುಂಬಿದ ಮಕ್ಕಳನ್ನು ಒಂದು ಗಾಜಿನ ಮೇಜಿನ ಮೇಲೆ ಬಿಟ್ಟರು. ಮಧ್ಯದಲ್ಲಿ ನೆಲ ಒಂದಡಿಯಷ್ಟು ಕುಸಿದಂತೆ ಕಾಣುತ್ತದೆ, ಮೇಲೆ ಮಾತ್ರ ಗಾಜು ಭದ್ರ. ಅಂಚಿಗೆ ಬಂದ ಮಗು ದಾಟಲೋ ಬೇಡವೋ ಎಂದು ಅತ್ತ ಕಡೆ ನಿಂತ ಅಮ್ಮನ ಮುಖ ನೋಡುತ್ತದೆ. ಅಮ್ಮ ನಗುಮುಖ ಮಾಡಿದಾಗ 19ರಲ್ಲಿ 14 ಮಕ್ಕಳು ದಾಟಿದವು. ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಅಮ್ಮಂದಿರು ಒಂದು ಮಾತೂ ಆಡಿರಲಿಲ್ಲ.

ನಮ್ಮ ಮನೆಗೆ ಆ ಗಾಜಿನ ಮೇಜಾಗಿ ಬಂದವರು ನನ್ನ ಅಪ್ಪನ ದಾಯಾದಿ, ದೊಡ್ಡಪ್ಪ. ಬಂದರೆ ಕೈಯಲ್ಲಿ ಬಾಳೆಹಣ್ಣು ಇರುವುದಿಲ್ಲ, ಹೆಗಲಲ್ಲಿ ಬಟ್ಟೆಯ ಚೀಲ ಇರುತ್ತದೆ. ಬಾಗಿಲು ತೆರೆದವನು ನಾನೇ. ಮಗು ಕಂಕುಳಲ್ಲಿತ್ತು. “ಓಹೋ, ಬರ್ಬೇಕು ಬರ್ಬೇಕು ದೊಡ್ಡಪ್ಪ! ಎಷ್ಟು ದಿನ ಆಯ್ತು!” ಎಂದೆ. ನಾಲಿಗೆಯ ಕೆಲಸದಲ್ಲಿ ಒಂದಿಷ್ಟೂ ಕೊರತೆಯಿರಲಿಲ್ಲ.

ಮಗು ದೊಡ್ಡಪ್ಪನ ಬಿಳಿ ಮೀಸೆ ನೋಡಿತು. ಚೀಲ ನೋಡಿತು. ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ, ಹುಟ್ಟಿದಾಗಿನಿಂದ ಎಂದೂ ನೋಡದಷ್ಟು ಶ್ರದ್ಧೆಯಿಂದ ನನ್ನ ಮುಖ ನೋಡಿತು. ಹದಿನೈದು ಸೆಂಟಿಮೀಟರ್ ದೂರ. ಮಸುಕು ಕಲೆಯ ಕಾಲ ಮುಗಿದಿತ್ತು. ಬೀದಿಯೆಲ್ಲ ಕೇಳುವಂತೆ ಕಿರುಚಿ ನನ್ನ ಭುಜದಲ್ಲಿ ಮುಖ ಹುದುಗಿಸಿತು.

“ಹೊಸಬರು ಅಂದ್ರೆ ಹೀಗೇ ದೊಡ್ಡಪ್ಪ, ಈ ವಯಸ್ಸಿನಲ್ಲಿ... ವಿಜ್ಞಾನ ಏನು ಹೇಳತ್ತೆ ಅಂದ್ರೆ...” ಎಂದು ಆರಂಭಿಸಿದೆ.

“ವಿಜ್ಞಾನ ಬಿಡೋ,” ಎಂದರು ದೊಡ್ಡಪ್ಪ, ಚಪ್ಪಲಿ ಕಳಚುತ್ತಾ. “ನೀನೂ ಇಷ್ಟೇ ಇದ್ದಾಗ ನಿಮ್ಮಪ್ಪನ ಕಂಕುಳಲ್ಲಿ ಕೂತು, ಅವನ ಮುಖ ನೋಡಿ, ನನ್ನ ಕಂಡು ಹೀಗೇ ಅರಚಿದ್ದೆ. ಅವನೂ ಹೀಗೇ ಬರ್ಬೇಕು ಬರ್ಬೇಕು ಅಂತಲೇ ಇದ್ದ. ಅವತ್ತು ಹದಿನೈದು ದಿನ ಇದ್ದು ಹೋಗಿದ್ದೆ.”

ಹೀಗೆಂದು ಚೀಲವನ್ನು ಹಾಲ್‌ನಲ್ಲಿದ್ದ ನನ್ನ ಹಾಸಿಗೆಯ ಮೇಲಿಟ್ಟು, ಒಳಗಿದ್ದ ನನ್ನಾಕೆಗೆ ಕಾಫಿಗೆ ಸಕ್ಕರೆ ಕಡಿಮೆ ಎಂದು ಕೂಗಿ ಹೇಳಿದರು.